ಬಿಳಿ ಹೋರಿಯ ನಿದ್ದೆ

ಬ್ರೆಕಾನನ ಜೀವಮಾನದಲ್ಲಿ ನಿದ್ದೆ ಬಾರದ ಮೊದಲ ಮಧ್ಯಾಹ್ನ ಅದು. ನಿದ್ದೆ ಬರಲೇಬೇಕಾಗಿದ್ದ ಮಧ್ಯಾಹ್ನವೂ ಅದೇ. ರಾಜ ತೀರಿಕೊಂಡು ಒಂಬತ್ತು ದಿನಗಳಾಗಿದ್ದವು. ಬಿಳಿ ಹೋರಿಯೊಂದನ್ನು ಕಡಿದು, ಮಾಂಸವನ್ನು ಕಂಠಮಟ್ಟ ತಿನ್ನಿಸಿ, ಸಾರು ಕುಡಿಸಿ, ಅದೇ ಹೋರಿಯ ತೊಗಲಿನ ಮೇಲೆ ಅವನನ್ನು ಮಲಗಿಸಿದ್ದರು. ನಿದ್ದೆಯಲ್ಲಿ ಅವನಿಗೆ ಕಾಣಿಸಿಕೊಂಡವನೇ ಮುಂದಿನ ರಾಜ. ಕಂಡದ್ದನ್ನು ಬಿಟ್ಟು ಬೇರೆ ಹೇಳಿದರೆ ಹೇಳಿದವನ ತುಟಿ ಅಲ್ಲಿಯೇ ಕೊಳೆಯುತ್ತದೆ ಎಂಬುದು ಐರ್ಲೆಂಡಿನ ಗುಡ್ಡಗುಡ್ಡಕ್ಕೂ ಗೊತ್ತಿದ್ದ ಸಂಗತಿ.

ಈ ಕೆಲಸಕ್ಕೆ ಬ್ರೆಕಾನನಿಗಿದ್ದ ಅರ್ಹತೆ ಒಂದೇ. ಡ್ರೂಯಿಡ್ ಪುರೋಹಿತನಾಗಲು ಇಪ್ಪತ್ತು ವರ್ಷ ಪಾಠ ಕೇಳಬೇಕು. ಅವನು ಹನ್ನೊಂದು ವರ್ಷ ಕೇಳಿ, ಒಂಬತ್ತು ವರ್ಷ ನಿದ್ದೆ ಮಾಡಿದ್ದ. ಅಷ್ಟು ನಿಷ್ಠೆಯಿಂದ ಮಲಗಬಲ್ಲವನು ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ. ಈ ಹಿಂದೆ ಮೂವರು ರಾಜರನ್ನು ಅವನೇ ಕನಸಿನಲ್ಲಿ ಕಂಡು ಕೊಟ್ಟಿದ್ದ. ಜನ ಅದನ್ನು ಮರೆತಾರೆಂದು ಆಗಾಗ ತಾನೇ ನೆನಪಿಸುತ್ತಲೂ ಇದ್ದ.

ಆದರೆ ಎಪ್ಪತ್ತರ ಹೊಟ್ಟೆಗೆ ಹೋರಿ ಒಗ್ಗಲಿಲ್ಲ. ಹಂಡೆಗಟ್ಟಲೆ ಗಂಜಿ ಕುಡಿದೂ ಸುಖವಾಗಿ ಮಲಗುವ ದೊಡ್ಡ ದೇವರು ದಗ್ದನಿಗೆ ಹರಕೆ ಹೊತ್ತದ್ದಾಯಿತು; ಮಗ್ಗುಲು ಬದಲಿಸದೆ ಕಣ್ಣು ಮುಚ್ಚಿಕೊಂಡು ಬಿದ್ದಿದ್ದಾಯಿತು. ಸುತ್ತಲೂ ನಾಲ್ವರು ಡ್ರೂಯಿಡರು ಸತ್ಯದ ಮಂತ್ರ ಹಾಡುತ್ತಿದ್ದರು. ಮೂರನೆಯ ಸುತ್ತು ಮುಗಿದಾಗ ಅವರಲ್ಲಿ ಹಿರಿಯನಾದ ಓಲ್ಕಾನ್ ಬಗ್ಗಿ ಅವನ ಕಿವಿಯಲ್ಲಿ ಉಸುರಿದ: “ಗಾರ್ವಾನ್. ಕೆಂಪು ಗಡ್ಡ. ಕಪ್ಪು ಕುದುರೆ. ಗಾರ್ವಾನ್.” ಗಾರ್ವಾನ್ ಓಲ್ಕಾನನ ಸಾಕುಮಗ. ಮುಂದಿನ ಸುತ್ತಿಗೆ ಎರಡನೆಯವನು ಬಗ್ಗಿದ, ಆಮೇಲೆ ಮೂರನೆಯವನು, ನಾಲ್ಕನೆಯವನು. ಎಲ್ಲರಿಗೂ ಒಬ್ಬೊಬ್ಬ ಸಾಕುಮಗ, ಒಂದೊಂದು ಕುದುರೆ. ಯಾರೂ ಯಾರ ಸರದಿಯನ್ನೂ ಮುರಿಯಲಿಲ್ಲ.

ಹಿಂದಿನ ರಾಜ ಬ್ರೆಕಾನನ ಕನಸಿಗೆ ಬೂದು ಕುದುರೆಯ ಮೇಲೆ, ಕುಂಟುವ ಬೇಟೆನಾಯಿಯೊಂದಿಗೆ ಬಂದಿದ್ದ. ಅಷ್ಟು ವಿವರ ತನ್ನ ತಲೆಗೆ ಹೊಳೆದದ್ದು ಹೇಗೆಂದು ಬ್ರೆಕಾನ್ ಹತ್ತೊಂಬತ್ತು ವರ್ಷ ಬೆರಗಾಗಿದ್ದ. ಈಗ ತಿಳಿಯಿತು.

ಕೊಂಬು ಊದಿ ಎಬ್ಬಿಸಿದ ಮೇಲೆ ಅವನು ನೇರವಾಗಿ ಹಂಡೆಯ ಬಳಿ ಹೋದ. ಅಲ್ಲಿ ಸಾರು ಕಾಯಿಸುತ್ತಿದ್ದವಳು ಮುರೆನ್, ಒಂದೇ ಸಾಕುತಾಯಿಯ ಹಾಲು ಕುಡಿದು ಬೆಳೆದ ತಂಗಿ.

“ಯಾರು ಕಂಡ್ರೋ ಅಣ್ಣ?”

“ನಿದ್ದೇನೇ ಬರ್ಲಿಲ್ಲ ಕಣೇ.”

“ನಿನಗಾ? ನಿನ್ನ ಮದುವೇಲೇ ಗೊರಕೆ ಹೊಡೆದೋನು ನೀನು.”

“ಕಿವೀಲಿ ಹೆಸರು ಊದ್ತಾರೆ, ಮುರೆನ್. ನಾಲ್ಕೂ ಜನ. ಹಿಂದಿನ ಮೂರು ಸಲಾನೂ ಊದಿರ್ಬೇಕು. ನಾನು ಕನಸು ಅಂದ್ಕೊಂಡೆ.”

ಅವಳು ಅವನ ಗಲ್ಲ ಹಿಡಿದು ಮುಖ ತಿರುಗಿಸಿ ನೋಡಿದಳು. “ಮೂರು ಸಲ ಸುಳ್ಳು ಹೇಳಿದ್ರೂ ತುಟಿ ನೆಟ್ಟಗೇ ಇದೆಯಲ್ಲೋ.”

“ಆಗ ಗೊತ್ತಿರ್ಲಿಲ್ಲ. ಈಗ ಗೊತ್ತು. ಈಗ ಹೇಳಿದ್ರೆ ಕೊಳೆಯುತ್ತೆ.”

“ಹಂಗಾದ್ರೆ ನಿಜ ಹೇಳು. ಮೊದ್ಲು ಇದನ್ನ ಕುಡಿ, ಮುಖ ಹೆಣದ ಥರ ಆಗಿದೆ.”

ಅವಳು ಕೊಟ್ಟ ಕುದಿಯುವ ಸಾರನ್ನು ಅವನು ಊದಿ ಆರಿಸದೆ ಬಾಯಿಗಿಟ್ಟ. ಸಾರಿಗಿಂತ ಹೆಚ್ಚಾಗಿ ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡು, ಜನ ಕಾದು ನಿಂತಿದ್ದ ದಿಬ್ಬ ಹತ್ತಿದ.

“ನನ್ನ ಜನ ಆಣೆ ಇಡೋ ದೇವರ ಮೇಲೆ ಆಣೆ,” ಎಂದ. “ನಾನು ಮಲಗಿರ್ಲಿಲ್ಲ. ಯಾರನ್ನೂ ಕಾಣಲಿಲ್ಲ.”

ನೆರೆದವರು ಕತ್ತು ಚಾಚಿದರು. ಮುಂದೆ ನಿಂತಿದ್ದ ಮುದುಕಿಯೊಬ್ಬಳು, “ತುಟಿ ನೋಡ್ರೋ,” ಎಂದಳು. ಕೆಳತುಟಿಯ ಮೇಲೆ ಕಾಡುಬಾದಾಮಿಯಷ್ಟು ದೊಡ್ಡ ಗುಳ್ಳೆ ಎದ್ದಿತ್ತು.

“ಅದು ಬಿಸಿ ಸಾರು ಕಣ್ರಪ್ಪಾ,” ಎಂದು ಬ್ರೆಕಾನ್ ಹೇಳುತ್ತಿದ್ದಂತೆಯೇ ಗುಳ್ಳೆ ಒಡೆಯಿತು.

“ಮಲಗಿದ್ದ, ಕಂಡಿದಾನೆ, ಮುಚ್ಚಿಡ್ತಿದಾನೆ,” ಎಂದ ಓಲ್ಕಾನ್, ಬಹಳ ಮರುಕದಿಂದ. “ಹೇಳಿಬಿಡು ಮಾರಾಯ. ಉಳಿದಿರೋ ತುಟೀನಾದ್ರೂ ಉಳಿಸ್ಕೋ.”

ನಿಜ ಹೇಳಿ ಸುಟ್ಟುಕೊಂಡವನಿಗೆ ಇನ್ನು ಉಳಿದಿದ್ದ ದಾರಿ ಒಂದೇ. ರಾಜ ಯಾರಾಗಬೇಕೆಂಬುದನ್ನು ಬ್ರೆಕಾನ್ ಬದುಕಿನಲ್ಲಿ ಮೊದಲ ಬಾರಿಗೆ ಎಚ್ಚರದಲ್ಲಿದ್ದುಕೊಂಡು ಯೋಚಿಸಿದ. ರಾಜ ಸರಿಯಾದವನಾದರೆ ಹಸುಗಳು ಹಾಲು ಹೆಚ್ಚಿಸುತ್ತವೆ, ಅಲ್ಲದವನಾದರೆ ಕೆಚ್ಚಲು ಬತ್ತುತ್ತದೆ. ಗಾರ್ವಾನ್ ತನ್ನ ಕುದುರೆಯನ್ನೇ ಹೊಡೆಯುವವನು. ಉಳಿದ ಮೂವರಲ್ಲಿ ಕುದುರೆಯ ಹೊರತು ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಸತ್ತ ರಾಜನ ತಮ್ಮನ ಮಗ ಎರ್ನಾನನ ಹೆಸರನ್ನು ಮಾತ್ರ ಯಾರೂ ಕಿವಿಯಲ್ಲಿ ಊದಿರಲಿಲ್ಲ. ಅವನು ಹೋದ ವಸಂತದಲ್ಲಿ, ಹೊಳೆ ಉಕ್ಕಿದಾಗ, ಯಾರದೋ ಕರುವನ್ನು ಹೊತ್ತು ದಡ ಸೇರಿಸಿದ್ದನ್ನು ಬ್ರೆಕಾನ್ ಕಣ್ಣಾರೆ ಕಂಡಿದ್ದ.

“ಹೆಗಲ ಮೇಲೆ ಕರು,” ಎಂದ ಬ್ರೆಕಾನ್. “ಸೊಂಟದ ಮಟ್ಟ ನೀರು. ಎರ್ನಾನ್.”

ಇಡೀ ಸೀಮೆ ಅವನ ತುಟಿಯನ್ನೇ ದಿಟ್ಟಿಸಿತು. ತುಟಿಗೆ ಏನೂ ಆಗಲಿಲ್ಲ. ಜನ ಗುರಾಣಿ ಬಡಿದು ಜಯಕಾರ ಹಾಕಿದರು; ನಾಲ್ವರು ಡ್ರೂಯಿಡರೂ ಹಾಕಬೇಕಾಯಿತು.

ಹಿಂದಿನ ಮೂವರ ಕಾಲದಲ್ಲಿ ಹಾಲು ಕಡಿಮೆಯಾದಾಗಲೆಲ್ಲ ಬ್ರೆಕಾನ್ ಎಲ್ಲರ ಜೊತೆ ನಿಂತು ಆಕಾಶದತ್ತ ಕೈ ತೋರಿಸಿದ್ದ. ಅವರು ದೇವರು ಆರಿಸಿದ ರಾಜರು. ಇವನನ್ನು ಆರಿಸಿದವನು ಯಾರೆಂಬುದು ಒಬ್ಬನಿಗಷ್ಟೇ ಗೊತ್ತಿತ್ತು.

ಮರುದಿನ ನಸುಕಿನಲ್ಲಿ ಮುರೆನ್ ಕೊಟ್ಟಿಗೆಗೆ ಬಂದಾಗ, ಹಾಲು ಕರೆಯುವವಳ ಪಕ್ಕದಲ್ಲಿ, ಸಗಣಿಯ ನಡುವೆ, ಸೀಮೆಯ ಮಹಾದ್ರಷ್ಟಾರ ಕುಕ್ಕರುಗಾಲಿನಲ್ಲಿ ಕುಳಿತು ಮರದ ಪಾತ್ರೆಯೊಳಗೆ ಇಣುಕುತ್ತಿದ್ದ.

“ಇಷ್ಟು ಬೇಗ ಇಲ್ಲೇನೋ ಕೆಲ್ಸ ನಿನಗೆ?”

“ಸುಮ್ನಿರೇ,” ಎಂದ ಬ್ರೆಕಾನ್, ಪಾತ್ರೆಯಿಂದ ಕಣ್ಣು ತೆಗೆಯದೆ. “ಇನ್ನೂ ಎರಡು ಮೊಲೆ ಬಾಕಿ ಇದೆ.”