ಆಲು ತಂದಿವ್ನಿ

ಅವರೆಕಾಯಿಯ ಸೊಗಡು ಮೂಗಿಗೆ ಬಡಿದರೆ ಈಗಲೂ ನನಗೆ ಜಯಲಕ್ಷ್ಮಿಪುರಂ ಮನೆಯ ಆ ಭಾನುವಾರದ ಮಧ್ಯಾಹ್ನ ನೆನಪಾಗುತ್ತದೆ.

ಸಿನಿಮಾಕ್ಕೆ ಆಗಷ್ಟೇ ಮಾತು ಬಂದಿದ್ದ ಕಾಲದ, ಹಾಡುಗಳೇ ತುಂಬಿದ್ದ ಹಾಸ್ಯಚಿತ್ರವೊಂದು ಟಿವಿಯಲ್ಲಿ ಬರುತ್ತಿತ್ತು. ನಮ್ಮ ಹಳ್ಳಿ ಹೂಟಗಳ್ಳಿಯಿಂದ ಬಂದಿದ್ದ ಅಜ್ಜಿ, ಅಪ್ಪನ ತಾಯಿ, ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾಯಕ ನಾಯಕಿ ಗ್ರಾಂಥಿಕ ಕನ್ನಡದಲ್ಲಿ ಹಾಡಿ ಮುಗಿಸಿದರು. ಆಮೇಲೆ ಚಿತ್ರದ ಮನೆಯಾಳು ಹಾಲಿನ ಲೋಟ ಹಿಡಿದು ಬಂದು, "ಬುದ್ಧೀ, ಆಲು ತಂದಿವ್ನಿ" ಎಂದ. ನಾವು ಮಕ್ಕಳು, ಅಪ್ಪ, ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ಅಜ್ಜಿ ತಲೆಯೆತ್ತಿದಳು. "ಯಾಕ್ರಲಾ ಅಂಗ್ ನಗ್ತೀರಿ? ಅವನ್ ಮಾತೊಂದೇ ಕಣ್ರಲಾ ನಂಗೆ ತಿಳ್ದಿದ್ದು."

ಹಕಾರ ನುಂಗಿದರೆ ನಮ್ಮ ಕಿವಿ ಹಿಂಡುತ್ತಿದ್ದ ಅಪ್ಪ ಎದ್ದುಹೋಗಿ ಅಜ್ಜಿಯ ಪಕ್ಕ ಕೂತರು. ಒಂದು ಹಿಡಿ ಕಾಯಿ ಎತ್ತಿಕೊಂಡು ಮೆಲ್ಲಗೆ ಹೇಳಿದರು:

"ನಂಗೂ ಅಂಗೇ ಕಣವ್ವ."