ಕಪ್ಪಾಗದ ದೀಪಗಳು

ಗೌರಿ ಹಬ್ಬಕ್ಕೆಂದು ಅತ್ತೆ ಬೀರುವಿನಿಂದ ತೆಗೆದುಕೊಟ್ಟ ಬೆಳ್ಳಿ ಸಾಮಾನನ್ನು ಮೃದುಲಾ ವಿಭೂತಿ ಹಾಕಿ ಉಜ್ಜುತ್ತಿದ್ದಳು. ಅತ್ತೆಯ ಕಾಲದ ತಟ್ಟೆ, ಪಂಚಪಾತ್ರೆ ಎಲ್ಲ ಕಪ್ಪಿಟ್ಟಿದ್ದವು. ಮದುವೆಯಲ್ಲಿ ತನ್ನ ಅಪ್ಪ ಕೊಟ್ಟ ಜೋಡಿ ದೀಪ ಮಾತ್ರ ವರ್ಷ ಕಳೆದರೂ ಫಳಫಳ ಹೊಳೆಯುತ್ತಿತ್ತು. ಬೆಳ್ಳಿಯಾಗಿದ್ದರೆ ಕಪ್ಪಾಗಲೇಬೇಕಲ್ಲ!

ಹಿತ್ತಲಿಗೆ ಹೋಗಿ ಅಪ್ಪನಿಗೆ ಫೋನ್ ಮಾಡಿದಳು.

“ಅಪ್ಪಾ, ಆ ದೀಪ ಎಲ್ಲಿ ತಗೊಂಡಿದ್ದು?”

“ಯಾಕಮ್ಮಾ, ಅವರೇನಾದ್ರೂ ಅಂದ್ರಾ?” ಅಪ್ಪನ ದನಿ ಕುಗ್ಗಿತು.

“ಇಲ್ಲಪ್ಪ, ಸುಮ್ನೆ ಕೇಳ್ದೆ.”

ಸ್ಕೂಟರ್ ಮಾರಿ ಬೆಳ್ಳಿ ದೀಪ ಕೊಂಡೆ ಎಂದಿದ್ದ ಅಪ್ಪ. ಸುಳ್ಳು ಹೇಳಿದನೋ, ತಾನೇ ಮೋಸ ಹೋದನೋ? ಯಾವುದಾದರೂ, ನಾಳೆ ನೆಂಟರೆದುರು ಹೋಗುವುದು ಅವನ ಮಾನವೇ.

ಅವಳು ಎಣ್ಣೆಬತ್ತಿ ಹಚ್ಚಿ, ದೀಪಗಳನ್ನು ಅದರ ಹೊಗೆಗೆ ಹಿಡಿದಳು. ಮೇಲ್ಮೇಲೆ ಒರೆಸಿದಾಗ ಕೆತ್ತನೆಯ ಸಂದಿಗಳಲ್ಲಿ ಮಸಿ ಉಳಿಯಿತು. ಈಗ ಯಾರು ನೋಡಿದರೂ ಬೆಳ್ಳಿಯೆಂದೇ ಹೇಳಬೇಕು.

ಅಷ್ಟರಲ್ಲಿ ಅತ್ತೆ ಬಂದರು. “ಇನ್ನೂ ಮುಗೀಲಿಲ್ವೇನೇ? ನೆಂಟ್ರು ಉಂಡು ಹೋದ್ಮೇಲೆ ಮುಗಿಸ್ತೀಯೇನೋ!”

“ಅಪ್ಪ ಕೊಟ್ಟ ದೀಪ ಒಂದು ಉಳಿದಿದೆ ಅತ್ತೆ. ನೋಡಿ, ಎಷ್ಟು ಕಪ್ಪಾಗಿದೆ!”

ಅತ್ತೆ ದೀಪವನ್ನು ಕಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಅವರ ಮುಖ ಸಿಟ್ಟಿನಿಂದ ಕೆಂಪಾಯಿತು.

“ಆ ಅಂಗಡಿಯವನ ಮನೆ ಹಾಳಾಗ! ನನ್ನಿಂದ ಬೆಳ್ಳೀದು ತಗೊಂಡು ಇದನ್ನ ಕೊಡುವಾಗ, ಜನ್ಮಕ್ಕೂ ಕಪ್ಪಾಗಲ್ಲ ಅಂದಿದ್ನಲ್ಲ!”