ಮಿಸ್ತ್ರಿ ಕಟ್ಟಿದ ಗಲ್ಲಿ

"ತುಮ್ಹೀ ಕನ್ನಡ ಕಾ?"

ಕಂಪ್ಯೂಟರ್ ಪರದೆಯ ಮೂಲೆಯಲ್ಲಿ 'ನೀವು ಕನ್ನಡವಾ' ಎಂಬ ಈ ಮರಾಠಿ ಪ್ರಶ್ನೆ ಮೂಡಿದ್ದೇ ತಡ, ಅನುರಾಧಾ ಎದ್ದು ಕಿಟಕಿ ಮುಚ್ಚಿದಳು. ಆಟದ ಹೊಸ ನಕ್ಷೆ ತೆರೆದು ಇನ್ನೂ ಅರ್ಧ ತಾಸಾಗಿರಲಿಲ್ಲ. ವರ್ಷಗಟ್ಟಲೆ ಅದೇ ಮರಳುಗಾಡು, ಅದೇ ಬಂದರು, ಅದೇ ಹಾಳುಬಿದ್ದ ಕಾರ್ಖಾನೆಯೊಳಗೆ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿ ಬೇಸತ್ತಿದ್ದ ಮಂದಿ ಇವತ್ತು ಮದುವೆ ಊಟಕ್ಕೆ ಬಂದವರಂತೆ ನುಗ್ಗಿದ್ದರು. "ಮಿಸ್ತ್ರಿ ಭಾವು, ಕಮಾಲ್!" ಎಂದು ಅಣ್ಣನೆಂದೇ ಕರೆದು ಹೊಗಳಿಕೆಯೋ ಹೊಗಳಿಕೆ. ನಕ್ಷೆ ಕಟ್ಟುವ ಅನುರಾಧಾಳಿಗೆ ಆಟದಲ್ಲಿ ಮಿಸ್ತ್ರಿ ಎಂದೇ ಹೆಸರು. ಮಿಸ್ತ್ರಿ ಹೆಂಗಸೆಂಬುದು ಸಂಭಾಜಿನಗರದಲ್ಲಿ ಕೂತು ಸರ್ವರ್ ನಡೆಸುವ ಓಂಕಾರನೊಬ್ಬನಿಗೇ ಗೊತ್ತು.

ಪ್ರಶ್ನೆ ಕೇಳಿದ ಹೊಸಬ ಮಾತ್ರ ಒಂದೂ ಗುಂಡು ಹಾರಿಸಿರಲಿಲ್ಲ. ಗಲ್ಲಿಯುದ್ದಕ್ಕೂ ನಿಧಾನವಾಗಿ ನಡೆದು, ಕಲ್ಲಿನ ಮೆಟ್ಟಿಲಿನ ಒಂದು ಮನೆಯ ಮುಂದೆ ನಿಂತುಬಿಟ್ಟಿದ್ದ. ಅದು ಅವಳು ಈಗ ಕೂತಿದ್ದ ಮನೆಯೇ! ಎಂಥ ಬುದ್ಧಿಗೇಡಿತನ ನೋಡಿ. ನಕ್ಷೆಗೊಂದು ಊರು ಬೇಕಾದಾಗ, ಕಿಟಕಿಯಿಂದ ಕಾಣುವ ನಾಸಿಕದ ಪಂಚವಟಿಯ ಗಲ್ಲಿಯನ್ನೇ ಇದ್ದದ್ದು ಇದ್ದ ಹಾಗೆಯೇ ಎತ್ತಿ ಇಟ್ಟಿದ್ದಳು. ಹೊಸ್ತಿಲು ದಾಟಲು ಹೆದರುವವಳಿಗೆ ಬೇರೆ ಯಾವ ಊರು ಕಂಡೀತು?

ಅವಳ ಹೆದರಿಕೆ ಸುಮ್ಮನಲ್ಲ. ಸಂಭಾಜಿನಗರದ ಆಚೆ ಕನ್ನಡ ಅಂತಲೇ ಒಂದು ತಾಲೂಕು ಊರಿದೆ. ಕಲಬುರಗಿ ಕಡೆಯಿಂದ ಬಂದು ಅಲ್ಲಿ ಬಟ್ಟೆ ಅಂಗಡಿ ಇಟ್ಟ ಮನೆತನಕ್ಕೆ ಅವಳನ್ನು ಕೊಟ್ಟಿದ್ದರು. ಕುದಿಯುವ ಎಣ್ಣೆಯ ಬಾಣಲೆ ಎತ್ತಿ ಹಿಡಿದು, "ಓಡಿ ಹೋದ್ರ ಹುಡುಕಿ ಸುಡ್ತೀನಿ" ಎಂದ ಗಂಡನಿಂದ ತಪ್ಪಿಸಿಕೊಂಡು ಉಟ್ಟ ಸೀರೆಯಲ್ಲೇ ಎಸ್‌ಟಿ ಬಸ್ಸು ಹತ್ತಿದ್ದಳು. ಈ ವಿಳಾಸವನ್ನು ತವರಿಗೂ ತಿಳಿಸಿರಲಿಲ್ಲ.

ಓಂಕಾರನಿಗೆ ಫೋನ್ ಹಚ್ಚಿದಳು. "ಓಂಕಾರ, ನಕ್ಷಾ ತೆಗದ್ಬಿಡು. ಈಗಿಂದೀಗ!"

"ಅಕ್ಕಾ, ತಲಿಗಿಲಿ ಕೆಟ್ಟದೇನ್ರಿ? ಆಟ ಬಿಟ್ಟು ಹೋದವ್ರೆಲ್ಲಾ ವಾಪಸ್ ಬಂದಾರ. ಈಗ ತೆಗದ್ರ ಮಂದಿ ನನಗ ಚಪ್ಪಲೀಲೆ ಹೊಡೀತಾರ! ಪ್ರಾಬ್ಲೆಮ್ ಏನದ ಹೇಳ್ರಿ ಮೊದ್ಲ."

"ಏನಿಲ್ಲ, ಸುಮ್ಮನ ತೆಗಿ" ಎಂದಳು. ತಾನು ಓಡಿ ಬಂದ ಮಾತು ಇನ್ನೊಂದು ಕಿವಿಗೆ ಬಿದ್ದರೆ ಎಲ್ಲಿಗೆ ಹೋಗಿ ಮುಟ್ಟುತ್ತದೋ ಯಾರಿಗೆ ಗೊತ್ತು? "ಆಮ್ಯಾಲೆ ಮಾತಾಡೂಣ್ರಿ, ನಮ್ಮ ಟೀಮ್ ಸೋಲ್ಲಿಕ್ಹತ್ತದ" ಎಂದು ಓಂಕಾರ ಫೋನಿಟ್ಟ.

ಅಷ್ಟರಲ್ಲಿ ಮನೆಯೊಡತಿ ಕಸ್ತೂರಿಬಾಯಿ ಚಹಾ ಹಿಡಿದು ಬಂದರು. ಬೀದರ ಕಡೆಯವರು, ಕೋಣೆ ಕೊಟ್ಟದ್ದಲ್ಲದೆ ಅವಳ ಕತೆಯನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡವರು. "ಏನಾತವ್ವಾ? ಮಾರಿ ಯಾಕ ಹಿಂಗ ಬಿಳಚಿಕೊಂಡದ?"

ಅನುರಾಧಾ ಪರದೆಯತ್ತ ಬೆರಳು ಮಾಡಿದಳು. ಕಸ್ತೂರಿಬಾಯಿ ಕನ್ನಡಕ ಏರಿಸಿ ಓದಿದವರೇ ನಕ್ಕುಬಿಟ್ಟರು.

"ಅಯ್ಯ ಹುಚ್ಚಿ! ಅವ ಊರು ಎಲ್ಲಿ ಕೇಳ್ಯಾನ? ಭಾಷಾ ಕೇಳ್ಯಾನ. ಬಾಗಲ ಮ್ಯಾಲೆ ಏನು ಬರದಿ, ನೋಡು."

ಹೌದಲ್ಲ! ಕಸ್ತೂರಿಬಾಯಿಯ ಮನೆಯಲ್ಲಿದ್ದಂತೆಯೇ ನಕ್ಷೆಯ ಬಾಗಿಲ ಮೇಲೂ 'ಓಂ ಶ್ರೀ ಗುರುಬಸವಲಿಂಗಾಯ ನಮಃ' ಎಂದು ಕನ್ನಡ ಅಕ್ಷರದಲ್ಲಿ ಬರೆದಿದ್ದಳು. ಹೊಸಬ ಅದನ್ನೇ ನೋಡುತ್ತ ನಿಂತಿದ್ದ.

"ಮರಾಠಿಯೊಳಗ ಆ ಊರೂ ಕನ್ನಡ, ನಮ್ಮ ಮಾತೂ ಕನ್ನಡ. ನಾ ಇಲ್ಲಿಗೆ ಹೊಸದಾಗಿ ಬಂದಾಗ ಕಾಯಿಪಲ್ಯದಾಕಿನೂ ಹಿಂಗೇ ಕೇಳಿದ್ಳು. ಪಾಪ, ಯಾರೋ ನಮ್ಮವ್ರೇ, ಅಕ್ಷರ ನೋಡಿ ಖುಷಿಯಾಗ್ಯಾರ. ಸುಮ್ಮನಿದ್ರೇ ಸಂಶಯ ಬರ್ತದ. ಎರಡು ಮಾತು ಬರಿ."

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ತನ್ನ ಪುಕ್ಕಲುತನಕ್ಕೆ ಅನುರಾಧಾಳಿಗೇ ನಗು ಬಂತು. ಯಾರಾದರೂ ತನ್ನ ಅಕ್ಷರ ಓದಿದರಲ್ಲ ಎಂಬ ಸಂತೋಷವೂ ಸೇರಿ, ಬೆರಳು ತಾನಾಗಿ ಓಡಿತು: "ಹೌದ್ರಿ, ನಾವು ಕನ್ನಡದವ್ರೇ, ಬೀದರ ಕಡೆಯವ್ರು. ಬಾಗಲ ಮ್ಯಾಲಿಂದು ಓದಿದ್ರೇನು?"

ಅಚ್ಚ ಕನ್ನಡದಲ್ಲಿ ಉತ್ತರ ಬಂತು.

"ಓದಿದೆ. ಮನಿ ಭಾರಿ ಕಟ್ಟೀರಿ. ಆರಾಮ ಇದ್ದೀರೇನ್ರಿ, ವೈನಿ?"

ಅನುರಾಧಾಳನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುವವನು ಭೂಮಿಯ ಮೇಲೆ ಒಬ್ಬನೇ. ಗಂಡನ ತಮ್ಮ, ರತ್ನಾಕರ. ಅವಳಿಗೆ ಈ ಆಟದ ಹುಚ್ಚಿದೆ, ನಕ್ಷೆ ಕಟ್ಟುವುದೂ ಬರುತ್ತದೆ ಎಂದು ಆ ಮನೆಯಲ್ಲಿ ತಿಳಿದಿದ್ದವನೂ ಅವನೊಬ್ಬನೇ.

"ಏನಂದ?" ಎಂದು ಕಸ್ತೂರಿಬಾಯಿ ಇನ್ನೂ ನಗುತ್ತಲೇ ಕೇಳಿದರು. ಅನುರಾಧಾ ಮತ್ತೆ ಓಂಕಾರನಿಗೆ ಫೋನ್ ಹಚ್ಚಿದಳು, ರಿಂಗಾಗುತ್ತಲೇ ಇತ್ತು. ಯಾವ ಊರೆಂದು ರತ್ನಾಕರನಿಗಿನ್ನೂ ಗೊತ್ತಿಲ್ಲ, ದೇವರೇ, ಗೊತ್ತಾಗದಿರಲಿ ಎಂದು ಬೇಡಿಕೊಂಡಳು.

ಹೊಸಬ ಈಗ ಎಲ್ಲರಿಗೂ ಕಾಣುವಂತೆ ಮರಾಠಿಯಲ್ಲಿ ಕೇಳಿದ: "ದೋಸ್ತರೇ, ನಕ್ಷೆ ಭಾರಿ ಇದೆ. ಇದು ನಿಜವಾದ ಜಾಗವೇ?"

"ಅಲ್ಲ, ಎಲ್ಲ ಕಲ್ಪನೆ" ಎಂದು ಅವಳು ಬರೆದು ಮುಗಿಸುವಷ್ಟರಲ್ಲಿ ಆಟದ ಮಂದಿ ನಾ ಮುಂದು ತಾ ಮುಂದು ಎಂದು ಮುಗಿಬಿದ್ದರು.

"ಅರೇ, ನಮ್ಮ ನಾಸಿಕ!"

"ಪಂಚವಟಿ, ಪಂಚವಟಿ! ಮಿಸ್ತ್ರಿ ಒಂದು ಕಲ್ಲನ್ನೂ ಬಿಟ್ಟಿಲ್ಲ."

"ನಮ್ಮ ಮಾವನ ಮನೆ ಇದರ ಎದುರಿಗೇ. ತಡಿ ಅಣ್ಣಾ, ಲೊಕೇಶನ್ ಕಳಿಸ್ತೀನಿ."